ವಸ್ತುಸಂಗ್ರಹಾಲಯ ನೋಡಿ ಬಂದ ಮ್ಯಾಲೆ

ಹೋದ ವರ್ಷ ನನ್ನ ಮೊಮ್ಮಗಳ ಚಿತ್ರಕಲಾ ಶಾಲೆಯವರು ಪುಣೆ, ಮುಂಬಯಿಗೆ ಪ್ರವಾಸ ಹೊಂಟಿದ್ರು. ಬಸ್ಸಿನಾಗ ಒಂದು ಸೀಟು ಖಾಲಿ ಇತ್ತು. "ಅಜ್ಜಾ ನೀನೂ ಬಾ, ದಾರ್ಯಾಗ ಪದ ಹೇಳೀಯಂತ" ಅಂದಳು. ಹೋದೆ. ನೋಡಿದ್ದರಾಗ ಯಾವುದು ಒಪ್ಪಿತು, ಯಾವುದು ಒಪ್ಪಲಿಲ್ಲ ಅನ್ನೋದನ್ನ ಬರೀತೀನಿ.

ಮೊದಲು ಪುಣೆಯ ರಾಜಾ ದಿನಕರ ಕೇಳಕರ್ ವಸ್ತುಸಂಗ್ರಹಾಲಯ. ದಿನಕರ ಕೇಳಕರ್ ಅವರ ಮಗ ರಾಜಾ ಏಳನೇ ವರ್ಷಕ್ಕೆ ತೀರಿಕೊಂಡ. ಆ ಕೂಸಿನ ಹೆಸರಿನಾಗ ಅವರು ಊರೂರು ತಿರುಗಿ ಕೂಡಿಹಾಕಿದ್ದು ಸುಮಾರು 20,000 ವಸ್ತು. 1975ರಲ್ಲಿ ಎಲ್ಲಾ ಸರ್ಕಾರಕ್ಕೆ ಕೊಟ್ಟುಬಿಟ್ಟರು. ಅಲ್ಲಿ ರಾಜರ ಕಿರೀಟಕ್ಕಿಂತ ದೀಪ, ಅಡಕೊತ್ತು, ಬಾಗಿಲು, ಪಾತ್ರೆಗಳೇ ಹೆಚ್ಚು. ಹೆಣ್ಣುಮಕ್ಕಳು ದಿನಾ ಕೈಯಾಗ ಹಿಡಿದ ಸಾಮಾನಿಗೂ ಒಂದು ಅರಮನೆ ಆಗ್ಯಾದ. ಇದು ದೊಡ್ಡ ಮಾತು.

ವಾದ್ಯಗಳ ಕೋಣ್ಯಾಗ ಮಾತ್ರ ನನ್ನ ಮನಸ್ಸು ನಿಲ್ಲಲಿಲ್ಲ. ತಂತಿವಾದ್ಯ ಗಾಜಿನ ಹಿಂದೆ ಸುಮ್ಮನೆ ಕುಂತದ. ಏಕತಾರಿ ಹಿಡಿದವನಿಗೆ ಗೊತ್ತು, ವಾದ್ಯ ಅಂದರ ಕಟ್ಟಿಗೆ, ಬುರುಡೆ, ತಂತಿ ಅಷ್ಟೇ ಅಲ್ಲ. ಬೆರಳು ತಾಕಿದಾಗ ಹೊಂಡುವ ದನಿಯೇ ವಾದ್ಯ. ಹುಡುಗರು ಅದರ ಆಕಾರ ಬರಕೊಂಡರು, ದನಿ ಯಾರೂ ಕೇಳಲಿಲ್ಲ. "ಇದು ಸತ್ತ ಮನಿ" ಅಂತ ಅನ್ನಬೇಕು ಅಂದುಕೊಂಡೆ, ಆದರ ಬಾಯಿ ಬರಲಿಲ್ಲ. ನಮ್ಮಜ್ಜನ ಹಿತ್ತಾಳಿ ಸಮೆಯನ್ನ ಗುಜರಿಯವಗೆ ತೂಕದ ಲೆಕ್ಕಕ್ಕ ಮಾರಿದವ ನಾನೇ. ಕೇಳಕರ್ ಅವರು ಇಡದಿದ್ರೆ ಈ ದೀಪಗಳೂ ಕರಗಿ ನಲ್ಲಿ ಆಗಿರತಿದ್ವು. ಮಾರಿದವನು ಇಟ್ಟವನನ್ನ ಬೈಯಬಾರದು.

ಮುಂಬಯಿಯ ದೊಡ್ಡ ವಸ್ತುಸಂಗ್ರಹಾಲಯ 1922ರಲ್ಲಿ ಜನರಿಗೆ ತೆರೆದದ್ದು, ಈಗ ಛತ್ರಪತಿ ಶಿವಾಜಿ ಮಹಾರಾಜರ ಹೆಸರಿನದು. ಅಲ್ಲಿ ನಮ್ಮ ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಕಲ್ಲುಗಳು ಅದಾವ: ಬ್ರಹ್ಮ, ಶಿವ-ಪಾರ್ವತಿ, ಹಾವಿನ ಮ್ಯಾಲೆ ಮಲಗಿದ ವಿಷ್ಣು. ಚಾಲುಕ್ಯರ ಕಾಲದವು. ಆಗ ವಿಜಾಪುರ ಜಿಲ್ಲಾ ಮುಂಬಯಿ ಪ್ರಾಂತ್ಯದಾಗಿತ್ತು, ಹಾಂಗಾಗಿ ಕಲ್ಲೂ ಮುಂಬಯಿಗೆ ಬಂತು. ಕಡೆದವನ ಕೈ ಎಷ್ಟು ಮೆತ್ತಗಿರಬೇಕು, ಕಲ್ಲಿನ ಬಟ್ಟಿ ಮಡಿಕೆ ಬಿದ್ದಂಗ ಕಾಣತಾವ.

ಆದರ ಅವು ಗ್ವಾಡಿಯ ಚಿತ್ರ ಅಲ್ಲ, ಗುಡಿಯ ಮಾಡಿನ ಕಲ್ಲು. ಐಹೊಳೆಯ ಕೊಂತಿಗುಡಿಯಾಗ ಅಂಥವೇ ಇನ್ನೂ ಮಾಡಿನಾಗ ಅದಾವ, ಪದ ಹಾಡಾಕ ಹೋದಾಗ ಕುತ್ತಿಗಿ ನೋಯೂತನಕ ನೋಡೀನಿ. ಅಲ್ಲಿ ದೇವರು ನಮ್ಮನ್ನ ಬಗ್ಗಿ ನೋಡತಾನ. ಇಲ್ಲಿ ಎದುರಾಎದುರು ನಿಂತಾನ, ಪರಿಚಯದವನಂಗ. ಮೊಮ್ಮಗಳಿಗೆ ಇದನ್ನ ಹೇಳಿದೆ. ಆಕಿ ತಾನು ಬರೆದ ಹಾಳಿ ಎತ್ತಿ ತಲಿ ಮ್ಯಾಲೆ ಹಿಡಿದು ನೋಡಿದಳು. "ಅಜ್ಜಾ, ಈಗ ಬ್ಯಾರೇನೇ ಕಾಣತದ" ಅಂದಳು. ಇಡೀ ಪ್ರವಾಸದಾಗ ಆಕಿ ಕಲಿತದ್ದು ಆ ಒಂದು ಗಳಿಗ್ಯಾಗ ಅಂತ ನನ್ನ ಲೆಕ್ಕ.

ಪಕ್ಕದಾಗ ಜಹಾಂಗೀರ್ ಆರ್ಟ್ ಗ್ಯಾಲರಿ, 1952ರದು. ಅಲ್ಲಿಯ ಕೆಲವು ಚಿತ್ರ ನನಗ ತಿಳಿಯಲಿಲ್ಲ. ತಿಳಿಯಲಿಲ್ಲ ಅಂದಕೂಡಲೆ ಕೆಟ್ಟದ್ದು ಅನ್ನಲಾರೆ, ತತ್ವಪದವೂ ಮೊದಲ ಸಲಕ್ಕ ಯಾರಿಗೂ ತಿಳಿಯೂದಿಲ್ಲ. ಅಲ್ಲಿ ಬರೆದವರೇ ಚಿತ್ರದ ಹತ್ರ ಕುಂತಿದ್ರು. ಕೇಳಿದೆ, ಹೇಳಿದರು. ಹಾಡಿದವ ಎದುರಿಗಿದ್ದಂಗ ಆತು.

ನನ್ನ ತಕರಾರು ಪ್ರವಾಸದ ಮ್ಯಾಲೆ. ಮೂರು ದಿನಕ್ಕ ಆರು ಕಡೆ, ಒಂದೊಂದು ಕಡೆ ಒಂದು ತಾಸು. ಹುಡುಗರು ಮೊಬೈಲಿನಾಗ ಫೋಟೋ ಹಿಡಿದು ಮುಂದ ಓಡಿದರು. ಗದ್ದಲದ ಜಾತ್ರ್ಯಾಗ ತೇರು ನೋಡಿದಂಗ, ಕಳಸ ಕಂಡರು, ಗಾಲಿ ಕಾಣಲಿಲ್ಲ. ಮಾಸ್ತರರೇ, ಎರಡೇ ಕಡೆ ಕರಕೊಂಡು ಹೋಗ್ರಿ, ಕೂಡ್ರಿಸ್ರಿ. ಹೋಗೂ ಮೊದಲು ಮನಿಯ ಹಿರಿಯರನ್ನ ಕೇಳಿ ಬಾ ಅನ್ರಿ: ಇದನ್ನ ಯಾರು ಹಿಡೀತಿದ್ರು, ಯಾವಾಗ, ಏನು ಹಾಡಕೋತ? ಅದನ್ನ ಗಾಜಿನಾಗ ಇಡಾಕ ಬರೂದಿಲ್ಲ. ಹೇಳವರು ಇನ್ನೂ ಊರಾಗ ಅದಾರ, ಆದರ ಬಾಳ ದಿನ ಇರೂದಿಲ್ಲ.

ಮೊಮ್ಮಗಳು ಈಗ ನಮ್ಮ ಹಿತ್ತಲದಾಗಿನ ಹಳೆ ಕೂರಿಗಿ ಬರೆಯಾಕತ್ಯಾಳ. ದಿಂಡು, ಈಸು, ಮೇಳಿ, ಬಟ್ಟಲು, ಒಂದೊಂದರ ಹೆಸರು ಕೇಳಿ ಪಕ್ಕದಾಗ ಬರಕೊಳ್ಳಾಕತ್ಯಾಳ. ಬಿತ್ತುವಾಗಿನ ಪದ ಎಲ್ಲಿ ಬರೀಲಿ ಅಂತ ನಿನ್ನೆ ಕೇಳಿದಳು. ಅದನ್ನ ಕಲಿತು ಹಾಡು ಅಂದೀನಿ.