ಗಡಿ ಹೋಯಿತು, ಘಟ್ಟ ಉಳಿಯಿತು

ಲೋಂಡಾ ದಾಟಿ ಗೋವೆಯ ಕಡೆ ಹೊರಟ ರೈಲು ಕ್ಯಾಸಲ್‌ರಾಕ್‌ನಲ್ಲಿ ನಿಂತಾಗ ಹೆಚ್ಚಿನವರು ಸೀಟು ಬಿಟ್ಟು ಏಳುವುದಿಲ್ಲ. ಅವರ ಮನಸ್ಸು ಆಗಲೇ ದೂಧ್‌ಸಾಗರದಲ್ಲಿರುತ್ತದೆ. ಜಲಪಾತಕ್ಕೆ ಯಾವ ಬದಿಯ ಕಿಟಕಿ ಒಳ್ಳೆಯದು ಎಂಬ ಚರ್ಚೆ ನಡೆದಿರುತ್ತದೆ. ಸಣ್ಣ ಸ್ಟೇಷನ್‌ಗಳ ಹುಚ್ಚು ಹಿಡಿದವರು ಮಾತ್ರ ಇಲ್ಲಿ ಪ್ಲಾಟ್‌ಫಾರಂಗೆ ಇಳಿಯುತ್ತಾರೆ. ಉತ್ತರ ಕನ್ನಡದ ಜೊಯಿಡಾ ತಾಲ್ಲೂಕಿನ ಕಾಡಿನೊಳಗಿನ ಈ ನಿಲ್ದಾಣದಷ್ಟು ಕಥೆಯುಳ್ಳ ನಿಲ್ದಾಣ ನಮ್ಮ ರಾಜ್ಯದಲ್ಲಿ ಅಪರೂಪ.

ಸಾಮಾನ್ಯವಾಗಿ ಊರು ದೊಡ್ಡದಿದ್ದರೆ ರೈಲು ನಿಲ್ಲುತ್ತದೆ. ಇಲ್ಲಿ ರೈಲು ನಿಲ್ಲುವಂತೆ ಮಾಡಿದ್ದು ಗಡಿ ಮತ್ತು ಘಟ್ಟ.

ಗಡಿಯ ಕಥೆ ಮೊದಲು. 1878ರಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಒಂದು ಒಪ್ಪಂದಕ್ಕೆ ಬಂದರು. ಮುರ್ಮಗೋವಾ ಬಂದರಿನಿಂದ ಘಟ್ಟದ ಮೇಲಕ್ಕೆ ರೈಲು ಬರಬೇಕು, ಎರಡು ಆಡಳಿತಗಳ ನಡುವೆ ಸುಂಕ ಇರಬಾರದು, ಗೋವೆಯ ಉಪ್ಪಿನ ಮೇಲೆ ಬ್ರಿಟಿಷರಿಗೆ ಹಿಡಿತ ಸಿಗಬೇಕು ಎಂಬುದು ಅದರ ತಿರುಳು. ಕೆಳಗಿನಿಂದ ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ, ಮೇಲಿನಿಂದ ಸದರ್ನ್ ಮರಾಠಾ ರೈಲ್ವೆ ಮೀಟರ್ ಗೇಜ್ ಹಳಿ ಹಾಕುತ್ತ ಬಂದು 1888ರಲ್ಲಿ ಇಲ್ಲಿ ಕೂಡಿದವು. ಧಾರವಾಡ ಸೀಮೆಯ ಹತ್ತಿಗೆ ಸಮುದ್ರದ ದಾರಿ ತೆರೆಯಿತು.

ಆದರೆ 1892ರಲ್ಲಿ ಒಪ್ಪಂದ ಮುಗಿದು ಸುಂಕ ಮರಳಿ ಬಂತು. ಸುಂಕವಿಲ್ಲದ ವ್ಯಾಪಾರಕ್ಕೆಂದು ಹಾಕಿದ ಹಳಿಯ ಮೇಲೇ ಕಟ್ಟೆ ಎದ್ದಿತು. ಈಚೆ ಕ್ಯಾಸಲ್‌ರಾಕ್‌ನಲ್ಲಿ ಬ್ರಿಟಿಷ್ ಇಂಡಿಯಾದವರು, ಆಚೆ ಕುಲೇಮ್‌ನಲ್ಲಿ ಪೋರ್ಚುಗೀಸರು ಪ್ರಯಾಣಿಕರ ಗಂಟುಮೂಟೆ ಬಿಚ್ಚಿಸಿ ನೋಡುತ್ತಿದ್ದರು. ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಇದು ಅಂತರರಾಷ್ಟ್ರೀಯ ಗಡಿಯಾಗಿಯೇ ಉಳಿಯಿತು. 1955ರ ಆಗಸ್ಟ್ 15ರಂದು ಗೋವೆಯೊಳಗೆ ಕಾಲಿಟ್ಟ ಸತ್ಯಾಗ್ರಹಿಗಳಲ್ಲಿ ಈ ದಾರಿ ಹಿಡಿದವರೂ ಇದ್ದರು. ಅಂದು ಪೋರ್ಚುಗೀಸರ ಗುಂಡಿಗೆ ಹಲವರು ಬಲಿಯಾದರು. ಆ ವರ್ಷವೇ ಗಡಿಯಾಚೆಗಿನ ರೈಲು ಸಂಚಾರ ನಿಂತಿತು. 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯಾದಾಗ ಸುಂಕದ ಕಟ್ಟೆಗೆ ಕೆಲಸವೇ ಇಲ್ಲವಾಯಿತು.

ಗಡಿ ಅಳಿಸಿದರೂ ಸ್ಟೇಷನ್ ಸೊರಗಲಿಲ್ಲ. ಅದಕ್ಕೆ ಕಾರಣ ಘಟ್ಟ. ಇಲ್ಲಿಂದ ಕಾರಂಜೋಲ್, ದೂಧ್‌ಸಾಗರ, ಸೋನಾವಳಿ ದಾಟಿ ಕುಲೇಮ್ ಮುಟ್ಟುವವರೆಗೆ ಇಳಿಜಾರು 37ಕ್ಕೆ 1. ಅಂದರೆ 37 ಮೀಟರ್ ಮುಂದೆ ಹೋಗುವಷ್ಟರಲ್ಲಿ ಹಳಿ ಒಂದು ಮೀಟರ್ ಇಳಿದಿರುತ್ತದೆ. ಬಯಲುಸೀಮೆಯಲ್ಲಿ 100 ಮೀಟರಿಗೆ ಒಂದು ಮೀಟರ್ ಏರಿದರೂ ಗೂಡ್ಸ್ ರೈಲು ಏದುಸಿರು ಬಿಡುತ್ತದೆ. ಹಾಗಾಗಿ ಕುಲೇಮ್‌ನಿಂದ ಹತ್ತುವ ಭಾರದ ರೈಲಿಗೆ ಮುಂದಿನ ಇಂಜಿನ್ ಸಾಲದು, ಹಿಂದಿನಿಂದ ದೂಡಲು ಇಂಜಿನ್ ಬೇಕು. ರೈಲ್ವೆಯವರು ಅದನ್ನು ಬ್ಯಾಂಕರ್ ಅನ್ನುತ್ತಾರೆ. ಇಳಿಯುವ ರೈಲಿಗೆ ಘಟ್ಟ ಮುಟ್ಟುವ ಮುನ್ನ ಬ್ರೇಕ್ ಪರೀಕ್ಷೆ ಆಗಲೇಬೇಕು. ಬ್ರೇಕ್ ಕೈಕೊಟ್ಟ ರೈಲನ್ನು ಮುಖ್ಯ ಹಳಿಯಿಂದ ತಪ್ಪಿಸಿ ಏರುಹಳಿಗೆ ನುಗ್ಗಿಸಿ ನಿಲ್ಲಿಸುವ ಕ್ಯಾಚ್ ಸೈಡಿಂಗ್‌ಗಳೂ ಈ ಘಾಟ್ ಸೆಕ್ಷನ್‌ನಲ್ಲಿವೆ. 1990ರ ದಶಕದಲ್ಲಿ ಬ್ರಾಡ್‌ಗೇಜ್ ಬಂತು, ಉಗಿಬಂಡಿಯ ಜಾಗಕ್ಕೆ ಡೀಸೆಲ್ ಬಂದಿತ್ತು. ಈ ಜಾಗರೂಕತೆ ಮಾತ್ರ ಒಂದಿಷ್ಟೂ ಸಡಿಲವಾಗಲಿಲ್ಲ.

ಇಲ್ಲಿ ಜೋಡಿಹಳಿ ಹಾಕುವ ಯೋಜನೆಗೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದುಪಡಿಸಿತು. ನನಗೆ ಅದು ಸರಿಯೆನಿಸಿತು. ಒಂಟಿಹಳಿಯಲ್ಲಿ ಎದುರು ರೈಲಿಗೆ ಕಾಯುವುದು ತಡವೇ ನಿಜ, ಆದರೆ ಕಡಿದ ಕಾಡು ಮರಳಿ ಬಾರದು.

ಈ ಮಳೆಗಾಲದಲ್ಲಿ ಹಗಲಿನ ರೈಲು ಹಿಡಿದು ಬನ್ನಿ. ನಿಂತ ಹೊತ್ತಿನಲ್ಲಿ ರೈಲಿನ ಬಾಲದ ಕಡೆ ಕಣ್ಣಿಡಿ, ಗಾರ್ಡ್ ಮತ್ತು ಪಾಯಿಂಟ್ಸ್‌ಮನ್ ಮಾಡುವ ಕೆಲಸ ಗಮನಿಸಿ. ಹಳಿಯ ಮೇಲೆ ನಡೆದು ಜಲಪಾತಕ್ಕೆ ಹೋಗುವ ಸಾಹಸ ಬೇಡ. ಅದಕ್ಕೆ ನಿಷೇಧವಿದೆ, ಜೀವಕ್ಕೂ ಅಪಾಯ.

ರೈಲ್ವೆ ಇಲಾಖೆಗೆ ಒಂದು ಕೋರಿಕೆ: ಸುಂಕದ ಕಟ್ಟೆಯ, ಸತ್ಯಾಗ್ರಹಿಗಳ, ಬ್ಯಾಂಕರ್ ಇಂಜಿನ್‌ಗಳ ಕಥೆಯನ್ನು ಈ ಪ್ಲಾಟ್‌ಫಾರಂನಲ್ಲೇ ಕನ್ನಡದಲ್ಲಿ, ಕೊಂಕಣಿಯಲ್ಲಿ ವಿವರವಾಗಿ ಹೇಳುವ ವ್ಯವಸ್ಥೆಯಾಗಲಿ. ಗೋವಾ ವಿಮೋಚನೆಯನ್ನು ಪಠ್ಯದಲ್ಲಿ ಓದುವ ನಮ್ಮ ಮಕ್ಕಳಿಗೆ, ಅದರ ಒಂದು ಅಧ್ಯಾಯ ತಮ್ಮ ರಾಜ್ಯದ ಈ ಸಣ್ಣ ಸ್ಟೇಷನ್‌ನಲ್ಲೂ ನಡೆದಿದೆ ಎಂಬುದು ಗೊತ್ತಾಗಬೇಕು.