ಡರ್ಬಿಯ ಆಚೆಗಿನ ರಾಜೇಶ್ವರಿ

ವಿಜಯಪುರದ ರಾಜೇಶ್ವರಿ ಗಾಯಕವಾಡ ಅಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಎರಡೇ ಮಾತು ಕೇಳಿಬರುತ್ತವೆ. ಒಂದು, 2017ರ ಮಹಿಳಾ ಕ್ರಿಕೆಟ್ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡಿನ ಐದು ವಿಕೆಟ್ ಕಿತ್ತದ್ದು. ಇನ್ನೊಂದು, ಸಚಿವರೊಬ್ಬರು ಕಾರು ಕೊಡಲು ಬಂದಾಗ ಕಾರು ಬೇಡ, ಮನೆ ಬೇಕು ಅಂದದ್ದು. ಸನ್ಮಾನದ ಭಾಷಣಕ್ಕೆ ಇಷ್ಟು ಧಾರಾಳವಾಯಿತು. ಆಟವನ್ನು ತೂಗುವುದಕ್ಕೆ ಸಾಲದು.

ನ್ಯೂಜಿಲೆಂಡ್ ಎದುರಿನ ಆ ಪಂದ್ಯ ಇಂಗ್ಲೆಂಡಿನ ಡರ್ಬಿಯಲ್ಲಿ ನಡೆದದ್ದು ಜುಲೈ 15ರಂದು. ಗೆದ್ದವರಿಗೆ ಸೆಮಿಫೈನಲ್, ಸೋತವರು ಮನೆಗೆ. ಅಲ್ಲಿಯವರೆಗೆ ಬೆಂಚಿನಲ್ಲೇ ಕೂತಿದ್ದ ರಾಜೇಶ್ವರಿಗೆ ಏಕ್ತಾ ಬಿಷ್ಟ್ ಜಾಗ ಸಿಕ್ಕಿತು. 7.3 ಓವರ್, 15 ರನ್, 5 ವಿಕೆಟ್. ನ್ಯೂಜಿಲೆಂಡ್ 79ಕ್ಕೆ ಆಲೌಟ್. ಅಂಕಿ ನೋಡಿದರೆ ಒಬ್ಬಳೇ ಗೆಲ್ಲಿಸಿದಂತೆ ಕಾಣುತ್ತದೆ. ಆದರೆ ಆಕೆ ಚೆಂಡು ಹಿಡಿಯುವ ಮೊದಲೇ ಭಾರತದ ಬುಟ್ಟಿಯಲ್ಲಿ 265 ರನ್ ಇದ್ದವು: ಮಿಥಾಲಿ ರಾಜ್ 109, ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಕ್ಕೆ 70. ಶಿಖಾ ಪಾಂಡೆ, ಜೂಲನ್ ಗೋಸ್ವಾಮಿ ಆರಂಭಿಕರಿಬ್ಬರನ್ನೂ ಆಗಲೇ ಕಳಿಸಿಯಾಗಿತ್ತು. ಎದುರಾಳಿ ಗಾಬರಿಬಿದ್ದಾಗ ಬಿದ್ದ ವಿಕೆಟ್‌ಗಳನ್ನೇ ಆಕೆಯ ಕಸುಬಿನ ಅಳತೆಗೋಲು ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಆಕೆಯ ಕಸುಬು ಬೇರೆ. ಎಡಗೈ ಸ್ಪಿನ್ ನಿಜ, ಆದರೆ ಚೆಂಡನ್ನು ಎತ್ತರಕ್ಕೆ ತೇಲಿಸಿ ಆಸೆ ಹುಟ್ಟಿಸುವ ಬಗೆಯದಲ್ಲ. ಚಪ್ಪಟೆ, ನೇರ, ಸ್ಟಂಪಿನ ಮೇಲೇ. ಬ್ಯಾಟರ್‌ಗೆ ಕೈ ಚಾಚಲು ಜಾಗವಿಲ್ಲ, ಬಿಟ್ಟರೆ ಬೌಲ್ಡ್. ಅದೇ ವಿಶ್ವಕಪ್ಪಿನ ಲಾರ್ಡ್ಸ್ ಫೈನಲ್‌ನಲ್ಲಿ ಇಂಗ್ಲೆಂಡಿನ ಲಾರೆನ್ ವಿನ್‌ಫೀಲ್ಡ್ ಸ್ವೀಪ್ ಮಾಡಹೋಗಿ ಕಾಲ ಹಿಂದಿನಿಂದ ಸ್ಟಂಪ್ ಕಳೆದುಕೊಂಡದ್ದು ಇಂಥದೇ ಬಿಗಿಗೆ. ಅಂದು 10 ಓವರಿಗೆ 49 ರನ್, ಒಂದು ವಿಕೆಟ್. ಯಾರೂ ಚಪ್ಪಾಳೆ ತಟ್ಟದ ಅಂಕಿ.

ಕೊರತೆಯನ್ನೂ ಹೇಳಬೇಕು. ಅದೇ ಫೈನಲ್‌ನಲ್ಲಿ 191ಕ್ಕೆ 3 ಇದ್ದ ಭಾರತ 219ಕ್ಕೆ ಮುಗಿಯಿತು. ಒಂಬತ್ತು ರನ್ನಿನ ಸೋಲು. ಕೊನೆಗೆ ಸೊನ್ನೆಗೆ ಬೌಲ್ಡ್ ಆದವಳು ರಾಜೇಶ್ವರಿ. ಸೋಲಿನ ಹೊಣೆ ಆಕೆಯದಲ್ಲ, ನಡುವಿನವರದು. ಆದರೂ ಬೌಲರ್ ಕೂಡ ಇಪ್ಪತ್ತು ರನ್ ಗಳಿಸಬೇಕಾದ ಈ ಕಾಲದಲ್ಲಿ ಆಕೆಯ ಬ್ಯಾಟ್ ತಂಡಕ್ಕೆ ಭಾರವೇ. ಟಿ20ಯಲ್ಲಿ ಒಂದೇ ಎತ್ತರದ ಚೆಂಡನ್ನು ಹೊಡೆಯುವವರು ಬೇಗ ಲೆಕ್ಕ ಹಾಕಿಬಿಡುತ್ತಾರೆ.

ನನ್ನನ್ನು ಕೇಳಿದರೆ ಆಕೆಯ ನಿಜವಾದ ದಿನ 2022ರ ಮಾರ್ಚ್ 6, ನ್ಯೂಜಿಲೆಂಡಿನ ಮೌಂಟ್ ಮೌಂಗನೂಯಿ. ಆ ವರ್ಷದ ವಿಶ್ವಕಪ್ಪಿನಲ್ಲಿ ಭಾರತದ ಮೊದಲ ಪಂದ್ಯ, ಎದುರಿಗೆ ಪಾಕಿಸ್ತಾನ. 114ಕ್ಕೆ 6 ಆಗಿದ್ದ ಭಾರತವನ್ನು ಸ್ನೇಹ್ ರಾಣಾ, ಪೂಜಾ ವಸ್ತ್ರಾಕರ್ 244ರವರೆಗೆ ಎಳೆದುತಂದಿದ್ದರು. ಪಾಕಿಸ್ತಾನದ ಮೊದಲ ವಿಕೆಟ್ ಕಿತ್ತವಳು ರಾಜೇಶ್ವರಿ. ಪಾಲಿನ ಹತ್ತೂ ಓವರ್ ಹಾಕಿ, 31 ರನ್ ಕೊಟ್ಟು, ನಾಲ್ಕು ವಿಕೆಟ್. ಪಾಕಿಸ್ತಾನ 137ಕ್ಕೆ ಮುಗಿಯಿತು. ಅದರ ಬಗ್ಗೆ ನಮ್ಮ ಕಡೆ ಒಂದು ಫ್ಲೆಕ್ಸ್ ನಿಂತದ್ದನ್ನೂ ನಾನು ನೋಡಲಿಲ್ಲ.