ಮಾತ್ರೆ ಹೆಚ್ಚಾದ ಕೊಳ

ಮನೆಯ ಈಜುಕೊಳದಲ್ಲಿ ಪಾಚಿ ಕಂಡೊಡನೆ ಇನ್ನೆರಡು ಕ್ಲೋರಿನ್ ಮಾತ್ರೆ ಹಾಕುವುದು ಬಹುಪಾಲು ಮಾಲೀಕರ ರೂಢಿ. ಕೊಳ ಕೆಡುವುದಕ್ಕೆ ಆ ಮಾತ್ರೆಯೇ ಎಷ್ಟೋ ಸಲ ಕಾರಣ ಎಂಬುದು ನನ್ನ ಖಚಿತ ನಂಬಿಕೆ.

ಟಿಸಿಸಿಎ (ಟ್ರೈಕ್ಲೋರೋಐಸೋಸಯನ್ಯೂರಿಕ್ ಆಮ್ಲ) ಎಂಬ ಈ ಮಾತ್ರೆ 10 ಪಿಪಿಎಂ ಕ್ಲೋರಿನ್ ಕೊಟ್ಟರೆ ಜೊತೆಗೆ ಸುಮಾರು 6 ಪಿಪಿಎಂ ಸಯನ್ಯೂರಿಕ್ ಆಮ್ಲವನ್ನೂ ಬಿಡುತ್ತದೆ. ಈ ಆಮ್ಲ 30ರಿಂದ 50 ಪಿಪಿಎಂ ಇದ್ದರೆ ಒಳ್ಳೆಯದೇ, ಬಿಸಿಲಿಗೆ ಕೊಡೆ ಹಿಡಿದ ಹಾಗೆ ಕ್ಲೋರಿನ್ನನ್ನು ಕಾಯುತ್ತದೆ. ಆದರೆ ಕ್ಲೋರಿನ್ ಖರ್ಚಾಗುತ್ತದೆ, ಆಮ್ಲ ಉಳಿಯುತ್ತದೆ. ದಿನಕ್ಕೆ 2 ಪಿಪಿಎಂ ಲೆಕ್ಕದಲ್ಲಿ ಮಾತ್ರೆ ಹಾಕಿದರೆ ತಿಂಗಳಿಗೆ 36 ಪಿಪಿಎಂ ಆಮ್ಲ ಸೇರುತ್ತದೆ. ಆಮ್ಲ 40 ಇದ್ದಾಗ 3 ಪಿಪಿಎಂ ಕ್ಲೋರಿನ್ ಪಾಚಿಯನ್ನು ತಡೆಯುತ್ತದೆ. 100 ಆದಾಗ ಏಳೆಂಟು ಬೇಕು. ಆಮ್ಲವನ್ನು ಇಳಿಸಲು ನೆಚ್ಚಬಹುದಾದ ದಾರಿ ನೀರು ಬದಲಿಸುವುದೊಂದೇ. 2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿತ್ತು. ಅಂಥ ಊರಿನಲ್ಲಿ ಅರ್ಧ ಕೊಳ ಚರಂಡಿಗೆ ಬಿಡುವುದು ನೋವಿನ ಸಂಗತಿ.

ಹಾಗಾಗಿ ಪಾಚಿ ಬಂದಾಗ ಈ ಆಮ್ಲವನ್ನು ಸೇರಿಸದ, ದ್ರವರೂಪದ ಸೋಡಿಯಂ ಹೈಪೋಕ್ಲೋರೈಟ್ ಬಳಸಿ. ಬಿಸಿಲಲ್ಲಿಟ್ಟ ಕ್ಯಾನು ಬೇಡ, ಶಾಖಕ್ಕೆ ಅದರ ಸತ್ವ ಇಳಿಯುತ್ತದೆ. ಮೊದಲು ಪಿಎಚ್ 7.2ರ ಆಸುಪಾಸಿಗೆ ತನ್ನಿ. ಕ್ಲೋರಿನ್ 10 ದಾಟಿದ ಮೇಲೆ ಪಿಎಚ್‌ನ ಬಣ್ಣದ ಪರೀಕ್ಷೆ ನಂಬುವಂತಿರುವುದಿಲ್ಲ. ಪಿಎಚ್ ಇಳಿಸಲು ಹಾಕಿದ ಆಮ್ಲ ಪೂರ್ತಿ ಬೆರೆತ ಮೇಲೆಯೇ ಕ್ಲೋರಿನ್ ಮುಟ್ಟಿ, ಎರಡೂ ನೇರವಾಗಿ ಸೇರಿದರೆ ವಿಷಾನಿಲ ಏಳುತ್ತದೆ. ಮಾತ್ರೆಯ ಡಬ್ಬಿಗೆ ಬ್ಲೀಚಿಂಗ್ ಪುಡಿ ತಾಗಲೇಬಾರದು, ಬೆಂಕಿ ಹೊತ್ತಿಕೊಳ್ಳಬಹುದು.

ಗೋಡೆಯನ್ನೆಲ್ಲ ಬ್ರಷ್‌ನಿಂದ ಉಜ್ಜಿ, ಹೊತ್ತು ಮುಳುಗಿದ ಮೇಲೆ ಹೈಪೋಕ್ಲೋರೈಟ್ ಸುರಿದು, ಪಂಪನ್ನು ರಾತ್ರಿಯಿಡೀ ಓಡಿಸಿ. ಸಯನ್ಯೂರಿಕ್ ಆಮ್ಲ 40 ಇರುವ ಕೊಳದಲ್ಲಿ ಕ್ಲೋರಿನ್ 16ಕ್ಕೆ ಏರಿಸಿ, ಪಾಚಿ ಪೂರ್ತಿ ಸಾಯುವವರೆಗೆ ಅಲ್ಲೇ ನಿಲ್ಲಿಸಬೇಕು. ಅಷ್ಟು ದಿನ ಯಾರೂ ಇಳಿಯುವುದು ಬೇಡ. ಹಸಿರು ಮಾಸಿ ನೀರು ಹಾಲಿನಂತಾದರೆ ಪಾಚಿ ಸಾಯುತ್ತಿದೆ ಎಂದರ್ಥ. ಫಿಲ್ಟರಿನ ಒತ್ತಡ ಏರಿದಾಗಲೆಲ್ಲ ಬ್ಯಾಕ್‌ವಾಶ್ ಮಾಡಿ.

ಮಲೆನಾಡಿನ ತೋಟದ ಮನೆಗಳಲ್ಲಿ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ ಕೈಗೆಟುಕುವಲ್ಲೇ ಇರುತ್ತದೆ. ಅದೂ ಪಾಚಿಯನ್ನು ಕೊಲ್ಲುತ್ತದೆ ನಿಜ, ಆದರೆ ತಾಮ್ರ ನೀರಿನಲ್ಲೇ ಉಳಿದು ಗೋಡೆಗೆ ಕಲೆ ಹಿಡಿಸುತ್ತದೆ. ಅದನ್ನು ಅಡಿಕೆಗೇ ಬಿಡಿ.

ನೀರು ತಿಳಿಯಾದ ಮೇಲೂ ಒಂದು ಪರೀಕ್ಷೆ ಬಾಕಿ. ರಾತ್ರಿ ಕ್ಲೋರಿನ್ ಅಳೆದು, ಬಿಸಿಲೇರುವ ಮುನ್ನ ಮತ್ತೆ ಅಳೆಯಿರಿ. 1 ಪಿಪಿಎಂಗಿಂತ ಹೆಚ್ಚು ಇಳಿದಿದ್ದರೆ ಏಣಿಯ ಹಿಂದೆಯೋ ದೀಪದ ಸಂದಿಯಲ್ಲೋ ಪಾಚಿ ಇನ್ನೂ ಇದೆ. ಅಲ್ಲಿ ಉಜ್ಜಿ, ಸಂಜೆ ಮತ್ತೆ ಸುರಿಯಿರಿ.